ಕೈಬದಲಾದ ವೀಳ್ಯ

ಕಳೆದ ಚಳಿಗಾಲದ ಪಂದ್ಯದಲ್ಲಿ ಚೆಂಡು ಎದುರಾಳಿಯ ಕಂಬಗಳ ನಡುವೆ ಹಾದುಹೋದಾಗ ರುಮಾಲು ಬೀಸಿ ಕೂಗಿದವರಲ್ಲಿ ನೀವೂ ಒಬ್ಬರಲ್ಲವೇ? ಆ ಚೆಂಡನ್ನು ಒದ್ದ ತರುಣ ಹಿಂದಿನ ವರ್ಷ ನೀಲಿ ಅಂಗಿಯಲ್ಲಿದ್ದ, ಈ ವರ್ಷ ಹಳದಿ ಅಂಗಿಯಲ್ಲಿದ್ದಾನೆ ಎಂಬುದು ನಿಮ್ಮ ಕಣ್ಣಿಗೂ ಬಿದ್ದಿತ್ತು. ಅವನನ್ನು ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಸಿದವರು ಅವನ ಒಪ್ಪಿಗೆ ಕೇಳಿದ್ದರೋ ಇಲ್ಲವೋ ಎಂದು ಪಕ್ಕದವರನ್ನಾದರೂ ವಿಚಾರಿಸಿದಿರಾ? ವಿಚಾರಿಸಲಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನು ಕೂಡ ಹಿಂದಿನ ಒಡೆಯ ಅದನ್ನು ಏಕೆ ಮಾರುತ್ತಿದ್ದಾನೆಂದು ಕೇಳುತ್ತಾನೆ. ಆಟಗಾರನ ವಿಷಯದಲ್ಲಿ ನಮಗೆ ಅಷ್ಟು ಕುತೂಹಲವೂ ಇಲ್ಲ. ಆದ್ದರಿಂದಲೇ ದಾನವ್ವನ ಮನೆಯಲ್ಲಿ ನಡೆದುದನ್ನು ಬರೆದಿಡಬೇಕಾಗಿದೆ.

ಹುಬ್ಬಳ್ಳಿಯಿಂದ ಬೆಂಗೇರಿಯ ಕಡೆಗೆ ಹೋಗುವ ದಾರಿಯ ಎಡಕ್ಕೆ ಆಗ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನು ಇತ್ತು. ಅದರ ಆವಾರದಲ್ಲಿ ಎಂಟು ಮನೆಗಳ ಒಂದು ಚಾಳ. ಮೂರನೆಯ ಮನೆಯಲ್ಲಿ ದಾನವ್ವ ತನ್ನ ಇಬ್ಬರು ಗಂಡುಮಕ್ಕಳೊಡನೆ ಐದು ವರ್ಷಗಳಿಂದ ವಾಸವಾಗಿದ್ದಳು. ಹಿರಿಯ ಸಿದ್ದಪ್ಪ ಜಿನ್ನಿನ ಯಂತ್ರಗಳಿಗೆ ಎಣ್ಣೆ ಹಾಕಿ ಪಟ್ಟಾ ಬಿಗಿಯುವ ಕೆಲಸದವನು. ಅವನ ಹೆಂಡತಿ ಬಾಳವ್ವ. ಕಿರಿಯ ಉಡಚಪ್ಪನಿಗೆ ಇಪ್ಪತ್ತೆರಡು ವರ್ಷ. ಹೆಸರಿಗೆ ಅವನು ಜಿನ್ನಿನ ಕೂಲಿಕಾರ, ನಿಜವಾಗಿ ಜಿನ್ನಿನ ಸಾವಕಾರರ ಫುಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಆಡುವವನು. ದೀಪಾವಳಿಯಿಂದ ಮಾಘದವರೆಗೆ ಹೊಸ ಹತ್ತಿ ಬರುವುದಿಲ್ಲ, ಯಂತ್ರಗಳು ಸುಮ್ಮನಿರುತ್ತವೆ. ಆ ತಿಂಗಳುಗಳೇ ಆಟದ ಸುಗ್ಗಿ. ಹುಬ್ಬಳ್ಳಿ, ಗದಗ, ಹಾವೇರಿಯ ಕೆಲವು ಹತ್ತಿ ವ್ಯಾಪಾರಿಗಳು ತಮ್ಮ ತಮ್ಮ ತಂಡಗಳನ್ನು ಮೈದಾನಕ್ಕಿಳಿಸಿ ಒಂದು ಬೆಳ್ಳಿಯ ಬಟ್ಟಲಿಗಾಗಿ ಆಡಿಸುತ್ತಿದ್ದರು. ಚಾಳದ ಎಂಟು ಮನೆಗಳಲ್ಲಿ ಆರು ಆಟಗಾರರ ಮನೆಗಳೇ ಆಗಿದ್ದವು.

ಆಟಗಾರರನ್ನು ತಂಡದಲ್ಲಿ ಉಳಿಸಿಕೊಳ್ಳಲು ಈ ಸಾವಕಾರರು ಕಾಗದದ ಕರಾರು ಬರೆಸುತ್ತಿರಲಿಲ್ಲ. ಹೊಲದ ಆಳನ್ನು ವರ್ಷಕ್ಕೆ ಗೊತ್ತುಮಾಡುವ ಹಳೆಯ ಪದ್ಧತಿಯನ್ನೇ ಮೈದಾನಕ್ಕೆ ತಂದಿದ್ದರು. ದೀಪಾವಳಿಯ ಪಾಡ್ಯದ ದಿನ ಆಟಗಾರನ ಮನೆಯ ಹಿರಿಯರು ಗಾದಿಗೆ, ಅಂದರೆ ವ್ಯಾಪಾರದ ಬೈಠಕಿಗೆ ಬಂದು, ಐದು ಎಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿಯ ವೀಳ್ಯವನ್ನು ಸಾವಕಾರರ ಕೈಯಿಂದ ತೆಗೆದುಕೊಳ್ಳಬೇಕು. ಮನೆಯ ಮುತ್ತೈದೆಯ ಉಡಿಗೆ ಕುಪ್ಪಸದ ಒಂದು ಖಣ ಬೀಳುತ್ತಿತ್ತು. ಅಲ್ಲಿಂದ ಮುಂದಿನ ಪಾಡ್ಯದವರೆಗೆ ಆಟಗಾರ ಆ ತಂಡಕ್ಕೆ ಬದ್ಧ. ಚಾಳದ ಮನೆ ಅವನ ಕುಟುಂಬಕ್ಕೆ. ಕಾಗದದಲ್ಲಿ ಬರೆದುದನ್ನು ವಕೀಲರು ಬಿಡಿಸಬಹುದು, ದೇವರ ಮುಂದೆ ಕೊಟ್ಟ ಎಲೆಯನ್ನು ಯಾರೂ ಬಿಡಿಸಲಾರರು ಎಂಬುದು ಸಾವಕಾರರ ಎಣಿಕೆ. ಗಂಡ ತೀರಿಕೊಂಡ ಮೇಲೆ ಮನೆಗೆ ದಾನವ್ವನೇ ಹಿರಿಯಳು. ಆದ್ದರಿಂದ ವೀಳ್ಯ ಹಿಡಿಯುವ ಕೈ ಅವಳದು, ಬದ್ಧವಾಗುವ ಕಾಲು ಮಗನದು. ಆಡುವವನನ್ನು ಬಿಟ್ಟು ಅವನ ತಾಯಿಯಿಂದ ಮಾತು ಪಡೆಯುವ ಈ ಜಾಣತನವನ್ನು ಓದುಗರು ಲಕ್ಷ್ಯದಲ್ಲಿಡಬೇಕು.

ಸಾವಿರದ ಒಂಬೈನೂರ ಮೂವತ್ತೇಳರ ಪಾಡ್ಯದಂದು ದಾನವ್ವ ಎಂದಿನಂತೆ ಸೊಸೆಯೊಡನೆ ಗಾದಿಗೆ ಹೋಗಿ ವೀಳ್ಯ ತಂದಳು. ಬಾಳವ್ವನ ಉಡಿಗೆ ಬಿದ್ದದ್ದು ಹಸಿರು ಮೈಯ, ಕೆಂಪು ಅಂಚಿನ ಖಣ. ಉಡಚಪ್ಪ ಎರಡು ದಿನಗಳಿಂದ ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಬಂದವನು ಕೈಕಾಲು ತೊಳೆದು ಅಣ್ಣನ ಪಕ್ಕದಲ್ಲಿ ಕುಳಿತ. ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನೂ ಕಾಯದೆ ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದ.

"ಅವ್ವಾ, ರೇಲ್ವೆ ವರ್ಕಶಾಪಿನಿಂದ ಬಂದೈತಿ. ಫಿಟರ್ ಪರೀಕ್ಷಾದಾಗ ಪಾಸಾಗೇನಿ. ಸಂಕ್ರಮಣದ ಮರುದಿನ ಹಾಜರಾಗಬೇಕು. ಜಿನ್ನಿನವರು ಬಿಟ್ಟೇವಂತ ಒಂದು ಚೀಟಿ ಬರಕೊಟ್ರ ಮುಗೀತು."

ದಾನವ್ವ ತುಪ್ಪದ ತಂಬಿಗೆಯನ್ನು ನೆಲಕ್ಕಿಟ್ಟಳು. "ಮುಂಜಾನೆ ವೀಳ್ಯಾ ತಗೊಂಡು ಬಂದೇನಪಾ."

"ನಾ ಬರೂತನಕಾ ತಡೀಬೇಕಿತ್ತಲ್ಲ."

"ಪರೀಕ್ಷಾಕ್ಕ ಕುಂತೀನಿ ಅಂತ ನನಗ ಹೇಳಿದ್ದೇನು?"

ಹೇಳಿರಲಿಲ್ಲ. ಚಾಳಕ್ಕೆ ಬರುವ ಟಪಾಲು ಮೊದಲು ಜಿನ್ನಿನ ಕಚೇರಿಗೆ ಹೋಗುತ್ತಿತ್ತು. ತಂಡದ ಕಾರ್ಯದರ್ಶಿ ಏಕನಾಥರಾಯರು ಅದನ್ನು ತಿರುವಿ ನೋಡಿಯೇ ಹಂಚುತ್ತಿದ್ದರು. ಅದಕ್ಕಾಗಿ ಉಡಚಪ್ಪ ಮಾವನ ವಿಳಾಸ ಕೊಟ್ಟಿದ್ದ, ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಸಿದ್ದಪ್ಪ ಹೋಳಿಗೆ ಮುರಿಯುತ್ತ, ಹೇಳಿದ್ದರೆ ತಾನು ಬೇಡವೆನ್ನುತ್ತಿದ್ದೆ, ಅದಕ್ಕೇ ತಮ್ಮ ಹೇಳಲಿಲ್ಲ ಎಂದ. ತಪ್ಪು ಯಾರದೆಂದು ಅಲ್ಲಿ ಯಾರೂ ತೀರ್ಮಾನಿಸಲಿಲ್ಲ. ಊಟ ಮುಗಿಯಿತು.

ಎರಡು ದಿನಗಳ ಬಳಿಕ ದಾನವ್ವ ಬಿಡುಗಡೆಯ ಚೀಟಿ ಕೇಳಲು ಹೋದಳು. ಸಾವಕಾರರು ಗಟ್ಟಿ ಮಾತಿನವರಲ್ಲ. ಅವಳನ್ನು ಕೂರಿಸಿ, ಮಗ ಪರೀಕ್ಷೆಯಲ್ಲಿ ಗೆದ್ದದ್ದಕ್ಕೆ ಸಂತೋಷಪಟ್ಟು, ಪಾಡ್ಯ ಆಗಿಹೋಗಿದೆಯಲ್ಲ, ಮುಂದಿನ ಪಾಡ್ಯಕ್ಕೆ ನೋಡೋಣ ಎಂದರು. ದಾನವ್ವನಿಗೆ ಅದು ಅನ್ಯಾಯವೆನಿಸಲಿಲ್ಲ. ಮಾತು ಕೊಟ್ಟಾಗಿದೆ, ನಡೆಯಬೇಕು. ಮನೆಗೆ ಬಂದು ಮಗನಿಗೂ ಅದನ್ನೇ ಹೇಳಿದಳು: ಒಂದು ವರ್ಷ ತಾಳು, ವರ್ಕಶಾಪು ಎಲ್ಲಿಗೂ ಓಡಿಹೋಗುವುದಿಲ್ಲ. ವರ್ಕಶಾಪು ಓಡಿಹೋಗದಿದ್ದರೂ ತನ್ನ ಜಾಗ ಓಡಿಹೋಗುತ್ತದೆ, ಸಂಕ್ರಮಣ ದಾಟಿದರೆ ಆ ಕಾಗದ ಒಲೆಗೆ ಹಾಕಲಿಕ್ಕೇ ಲಾಯಕ್ಕು ಎಂದು ಉಡಚಪ್ಪ ಉತ್ತರಿಸಿದ. ಆದರೂ ತಾಯಿಯ ಮಾತು ಮೀರಲಿಲ್ಲ. ಮರುದಿನ ಬೂಟು ಕಟ್ಟಿ ಮೈದಾನಕ್ಕೆ ಹೋದ. ಬಾಳವ್ವ ಬೆಂಗೇರಿಯ ದರ್ಜಿಯಿಂದ ಖಣವನ್ನು ಕುಪ್ಪಸ ಹೊಲಿಸಿ ತಂದು ಸೋಮವಾರ ಗುಡಿಗೆ ಹೋಗುವಾಗ ತೊಟ್ಟಳು.

ಮೂರನೆಯ ವಾರದಲ್ಲಿ ಏಕನಾಥರಾಯರು ತಾವಾಗಿಯೇ ಚಾಳಕ್ಕೆ ಬಂದು ಕಟ್ಟೆಯ ಮೇಲೆ ಕುಳಿತರು. ದಾನವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಸಾವಕಾರ್ರು ಗದಗಿನವರ ಜೋಡಿ ಮಾತಾಡ್ಯಾರ," ಎಂದರು. "ಉಡಚಪ್ಪನ್ನ ಅವರ ತಂಡಕ್ಕ ಕೊಟ್ಟು, ಅವರ ಕಡಿಂದ ಇಬ್ಬರನ್ನ ತಗೊಳ್ಳೂದು ಅಂತ ಠರಾವು ಆಗ್ಯದ. ಎಳ್ಳಮಾಸಿ ಮುಗದ ಮ್ಯಾಲೆ ಅಂವ ಅಲ್ಲಿಗೆ ಹೋಗಬೇಕು."

"ನಾ ವೀಳ್ಯಾ ತಗೊಂಡಿದ್ದು ನಿಮ್ಮ ಕಡಿಂದರಿ. ಗದಗಿನವರ ಮಾರಿನೂ ನಾ ನೋಡಿಲ್ಲ."

"ವೀಳ್ಯಾ ನಮ್ಮದಾದ ಮ್ಯಾಲೆ ಅದನ್ನ ಯಾರ ಕೈಗೆ ದಾಟಸಬೇಕು ಅನ್ನೂದೂ ನಮ್ಮದ ಆತಲ್ಲ, ದಾನವ್ವ. ನಿಮಗೇನೂ ಕಡಿಮಿ ಆಗೂದಿಲ್ಲ. ಮನಿ ಇರ್ತದ, ಸಿದ್ದಪ್ಪನ ಕೆಲಸ ಇರ್ತದ."

ರಾಯರು ಅವಳು ಕೊಟ್ಟ ನೀರು ಕುಡಿದು, ಜೋಳ ಈ ಸಲ ಬಿಳುಪಾಗಿದೆ ಎಂದು ಹೊಗಳಿ ಹೋದರು. ಇಬ್ಬರನ್ನು ತೂಕಕ್ಕೆ ಹಾಕಿ ಒಬ್ಬನನ್ನು ಇಳಿಸಿದ ಸುದ್ದಿಯನ್ನು ಅವರು ಹವೆಯ ಸುದ್ದಿಯಂತೆ ಹೇಳಿದ್ದರು. ಸುಶಿಕ್ಷಿತರು ಅನ್ಯಾಯವನ್ನು ಹೀಗೆ ತಣ್ಣಗೆ ಹೇಳುವುದನ್ನು ಕಲಿತಿರುವುದೇ ಅವರ ವಿದ್ಯೆಗೆ ಕಳಂಕ.

ಆ ಸಂಜೆ ರೊಟ್ಟಿಯೂ ಪುಂಡಿಪಲ್ಯವೂ ಮುಂದಿರುವಾಗಲೇ ಜಗಳ ಹುಟ್ಟಿತು. ಸಿದ್ದಪ್ಪ, ಗದಗು ಏನು ಕಾಶಿಯಷ್ಟು ದೂರವೇ, ರೈಲಿನಲ್ಲಿ ಕುಳಿತರೆ ಊಟದ ಹೊತ್ತಿಗೆ ಮುಟ್ಟಬಹುದು ಎಂದ. ಅಲ್ಲಿ ಮನೆ ಕೊಡುವುದಿಲ್ಲ, ಖಾನಾವಳಿಯಲ್ಲಿ ಉಣ್ಣಬೇಕು, ಮುಖ್ಯವಾಗಿ ಫಿಟರ್ ಕೆಲಸ ಶಾಶ್ವತವಾಗಿ ಹೋಗುತ್ತದೆ ಎಂದ ಉಡಚಪ್ಪ. ಆಮೇಲೆ ತಾಯಿಯ ಕಡೆಗೆ ತಿರುಗಿ ಮೆಲ್ಲಗೆ ಕೇಳಿದ:

"ವರ್ಕಶಾಪಿಗೆ ಹೋಗತೇನಿ ಅಂದ್ರ ವೀಳ್ಯಾ ಬಿಡೂದಿಲ್ಲ. ಗದಗಿಗೆ ಹೋಗು ಅಂತ ಅವರ ಅಂದ್ರ ಬಿಡತೈತಿ. ಇದು ಯಾತರ ವೀಳ್ಯಾ ಅವ್ವಾ?"

ಉತ್ತರ ಕೊಟ್ಟವಳು ಬಾಳವ್ವ. ಬಾಯ್ಲರಿಗೆಂದು ಹಾಕಿದ ನೀರಿನ ನಳ ಚಾಳದ ಅಂಗಳಕ್ಕೂ ಇತ್ತು; ಈ ಮನೆಗೆ ಬರುವ ಮೊದಲು ಅವಳು ಎರಡು ಹೊತ್ತು ಬಾವಿಯಿಂದ ನೀರು ಸೇದಿ ತಲೆಯ ಮೇಲೆ ಹೊತ್ತವಳು. "ನೀ ಒಂದು ವರ್ಷ ಗದಗಿನಾಗ ಉಂಡ್ರ ನಿನ್ನ ಹೊಟ್ಟಿ ಬತ್ತೂದಿಲ್ಲ, ಉಡಚಪ್ಪ," ಎಂದಳು. "ಈ ಮನಿ ಹೋದ್ರ ನನ್ನ ಕುತಿಗಿ ಮುರೀತೈತಿ. ನಳಾ ಹೋಗತೈತಿ, ನನಗದು ಗೊತ್ತೈತಿ."

"ನಿಮ್ಮ ನಳದ ಸಲುವಾಗಿ ನಾ ಗದಗಿಗೆ ಹೋಗಬೇಕೇನ್ ವೈನಿ?"

"ನಿನ್ನ ಕಾಲಿನ ಸಲುವಾಗಿ ನಾವೆಲ್ಲಾ ಇಲ್ಲೆ ಬಂದೇವಿ. ಹೋಗೂದು ಬರೂದು ನಿನ್ನ ಕಾಲಿನ ಮ್ಯಾಲ ಐತಿ, ನನ್ನ ಮ್ಯಾಲ ಅಲ್ಲ."

ಉಡಚಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಮರುದಿನದಿಂದ ಅಭ್ಯಾಸಕ್ಕೆ ಹೋಗಲಿಲ್ಲ. ಬೆಳಗಿನಲ್ಲಿ ಕಟ್ಟಿಗೆ ಒಡೆದು, ಕುಟ್ಟುವ ಬೀಸುವ ಕೆಲಸಕ್ಕೆ ಕೈಹಚ್ಚಿ, ಯಾರೊಡನೆಯೂ ಹೆಚ್ಚು ಮಾತಾಡದೆ ದಿನ ಕಳೆದ. ಅವನು ಅಭ್ಯಾಸ ಬಿಟ್ಟ ಐದನೆಯ ದಿನ ಸಿದ್ದಪ್ಪನನ್ನು ಎಣ್ಣೆಯ ಕೆಲಸದಿಂದ ತೆಗೆದು ಬಾಯ್ಲರಿನಲ್ಲಿ ಹಿಂದಿನ ಹಂಗಾಮಿನಿಂದ ಉಳಿದ ಬೂದಿ ತೋಡಲು ಹಚ್ಚಿದರು. ಯಾರೂ ಗದರಲಿಲ್ಲ, ಕಾರಣ ಹೇಳಲಿಲ್ಲ. ಸಂಜೆ ಅವನು ಹುಬ್ಬಿನವರೆಗೆ ಬೂದಿ ಮೆತ್ತಿಕೊಂಡು ಬಂದು ನಳದ ಕೆಳಗೆ ಕುಳಿತಾಗ ಬಾಳವ್ವ ಬೆನ್ನು ತಿಕ್ಕುತ್ತ ಮೈದುನನ ಕಡೆ ನೋಡಿದಳು. ಆ ನೋಟವನ್ನು ಎದುರಿಸಲಾರದೆ ಅವನು ಅಂಗಳ ಬಿಟ್ಟು ಹೋದ.

ಅಣ್ಣತಮ್ಮಂದಿರ ಮಾತು ನಿಂತಿತು. ಒಬ್ಬ ಉಂಡು ಎದ್ದ ಮೇಲೆ ಇನ್ನೊಬ್ಬ ಬರುವನು. ದಾನವ್ವ ಎರಡು ಸಲ ಹಂಚು ಕಾಯಿಸತೊಡಗಿದಳು. ಕಟ್ಟಿಗೆ ಹೆಚ್ಚು ಸುಡುತ್ತದೆಂದು ಸೊಸೆ ಗೊಣಗಿದರೂ ಅವಳಿಗೆ ತೋಚಿದ್ದು ಅಷ್ಟೇ.

ಇಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಸ್ಟೇಶನ್ನಿನ ಕಡೆಯಿಂದ ಒಂದು ಚಕ್ಕಡಿ ಬಂದು ಚಾಳದ ನಾಲ್ಕನೆಯ ಮನೆಯ ಮುಂದೆ ನಿಂತಿತು. ಅದು ಅಮೀನಸಾಬನ ಮನೆ. ಚೆಂಡು ನುಗ್ಗದಂತೆ ಗೂಡು ಕಾಯುವುದರಲ್ಲಿ ಅವನಂಥವನು ಈ ಭಾಗದಲ್ಲೇ ಇರಲಿಲ್ಲ. ಹಿಂದಿನ ವರ್ಷ ಇದೇ ಸಾವಕಾರರು ಅವನನ್ನು ಹಾವೇರಿಯವರಿಗೆ ದಾಟಿಸಿದ್ದರು; ಈ ಪಾಡ್ಯದಲ್ಲೂ ವೀಳ್ಯವನ್ನು ಇಲ್ಲೇ ಕೊಟ್ಟು ಅವನನ್ನು ಅಲ್ಲೇ ಆಡಲು ಬಿಟ್ಟಿದ್ದರು. ಅವನು ಅಲ್ಲಿ, ಹೆಂಡತಿ ರೆಹಮತ್‌ಬಿ ಇಲ್ಲಿ. ಈಗ ಅವನ ಬಲ ಮೊಣಕಾಲು ಕುಂಬಳಕಾಯಿಯಂತೆ ಬಾತು, ಬಟ್ಟೆಯ ಪಟ್ಟಿಯೊಳಗೆ ನೀಲಿಗಟ್ಟಿತ್ತು. ಪಂದ್ಯದಲ್ಲಿ ಮುರಿದ ಕಾಲನ್ನು ಹಾವೇರಿಯವರು ರೈಲಿಗೆ ಹತ್ತಿಸಿ ಕೈತೊಳೆದುಕೊಂಡಿದ್ದರು. ಅವನನ್ನು ಇಳಿಸಲು ಉಡಚಪ್ಪ ಒಂದು ಕಡೆ, ಸಿದ್ದಪ್ಪ ಇನ್ನೊಂದು ಕಡೆ ಹೆಗಲು ಕೊಟ್ಟರು. ಹತ್ತು ದಿನಗಳಲ್ಲಿ ಅವರಿಬ್ಬರೂ ಒಂದು ಕೆಲಸಕ್ಕೆ ಕೂಡಿದ್ದು ಅಂದೇ.

ಔಷಧಕ್ಕೆ ಏನಾದರೂ ವ್ಯವಸ್ಥೆಯಾಗಲೆಂದು ರೆಹಮತ್‌ಬಿ ಗಾದಿಗೆ ಹೊರಟಾಗ ದಾನವ್ವ ಜೊತೆಗೆ ಹೋದಳು. ಏಕನಾಥರಾಯರು ಲೆಕ್ಕದ ವಹಿ ತೆಗೆದು ತೋರಿಸಿದರು. ಅಮೀನಸಾಬನ ಹೆಸರಿನ ಮುಂದೆ ಹಾವೇರಿ ಎಂದು ಬರೆದಿತ್ತು. ಅವನನ್ನು ನೋಡಿಕೊಳ್ಳುವ ಹೊಣೆ ಅವರದು. ಹಾವೇರಿಯವರ ಪತ್ರವೂ ಬಂದಿತ್ತು, ಅದನ್ನೂ ಓದಿದರು: ಈ ಆಟಗಾರನ ವೀಳ್ಯ ಹುಬ್ಬಳ್ಳಿಯದು, ತಮಗೆ ಬಂದದ್ದು ಆಟಕ್ಕೆ ಮಾತ್ರ, ಹೊಣೆ ವೀಳ್ಯ ಕೊಟ್ಟವರದು. ಎರಡೂ ಬರಹ ದುಂಡಾಗಿದ್ದವು. ಗದಗಿನಿಂದ ಇಬ್ಬರು ಬರಲಿರುವುದರಿಂದ ನಾಲ್ಕನೆಯ ಮನೆಯನ್ನು ತಿಂಗಳೊಳಗೆ ತೆರವು ಮಾಡಿದರೆ ಅನುಕೂಲ ಎಂದೂ ರಾಯರು ಕಡೆಗೆ ಸೇರಿಸಿದರು.

ಹಿಂದಿರುಗುವಾಗ ರೆಹಮತ್‌ಬಿ ಅಳಲಿಲ್ಲ. "ಆಡೂವಾಗ ಇಬ್ಬರು ಮಾಲಕರಿದ್ರು ಅವ್ವಾ," ಎಂದಳು. "ಬಿದ್ದಾಗ ಒಬ್ಬರೂ ಇಲ್ಲ."

ವೀಳ್ಯ ಕೈಯಿಂದ ಕೈಗೆ ಹೋದಂತೆ ಆಟಗಾರನ ಕಟ್ಟು ಬಿಗಿಯಾಗುತ್ತ ಹೋಗುತ್ತದೆ, ಕೊಟ್ಟವರ ಹೊಣೆ ದಾರಿಯಲ್ಲೇ ಉದುರಿಹೋಗುತ್ತದೆ ಎಂಬುದು ದಾನವ್ವನಿಗೆ ಅಂದು ತಿಳಿಯಿತು. ಮಗ ಕೇಳಿದ ಪ್ರಶ್ನೆಗೆ ಉತ್ತರ ಅದೇ ಆಗಿತ್ತು.

ಮೂಳೆ ಕಟ್ಟುವವನನ್ನು ಕರೆಸಿದರು. ದಿನಕ್ಕೊಮ್ಮೆ ಬಾಳವ್ವ ಅಂಬಲಿಯನ್ನೋ ಝುಣಕವನ್ನೋ ನಾಲ್ಕನೆಯ ಮನೆಗೆ ಒಯ್ಯುತ್ತಿದ್ದಳು. ಮಲಗಿದಲ್ಲಿಂದಲೇ ಅಮೀನಸಾಬ ಅವಳನ್ನು ನಗಿಸಲು ನೋಡುತ್ತಿದ್ದ. "ನನ್ನ ಒಂದು ಕಾಲು ಹುಬ್ಬಳ್ಳಿದು, ಒಂದು ಹಾವೇರಿದು, ವೈನಿ," ಎಂದ ಒಂದು ದಿನ. "ಮುರದದ್ದು ಯಾವುದು ಅಂತ ಇಬ್ಬರೂ ಕೂಡಿ ಠರಾವು ಮಾಡಲಿ. ಅಲ್ಲೀತನಕಾ ಮೂಳಿಗೆ ಕೂಡಬ್ಯಾಡ ಅಂತ ಹೇಳೇನಿ." ಬಾಳವ್ವ ನಕ್ಕಳು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಬಹಳ ಹೊತ್ತು ಒಂದೇ ಪಾತ್ರೆಯನ್ನು ತಿಕ್ಕುತ್ತ ಕುಳಿತಳು.

ಎಳ್ಳಮಾವಾಸ್ಯೆಗೆ ಎಂಟು ದಿನವಿತ್ತು. ಸಜ್ಜೆಯ ಹಿಟ್ಟು ಜರಡಿ ಹಿಡಿಯುತ್ತಿದ್ದ ದಾನವ್ವನಿಗೆ ತನ್ನ ಗಂಡನ ಕಾಲದ ಒಂದು ಸಂಗತಿ ನೆನಪಾಯಿತು. ನವಲಗುಂದದ ಕಡೆ ಅವನು ಒಕ್ಕಲಿಗರ ಹೊಲದಲ್ಲಿ ವರ್ಷದ ಆಳಾಗಿದ್ದ. ಒಂದು ವರ್ಷ ಒಡೆಯ ಅವನನ್ನು ಕೇಳದೆ ತನ್ನ ಅಳಿಯನ ಊರಿಗೆ ಕಳಿಸಲು ನೋಡಿದಾಗ ಅವಳ ಮಾವ ವೀಳ್ಯವನ್ನು ಹಿಂದಕ್ಕೆ ಕೊಟ್ಟಿದ್ದ. ಹೊಲದ ಪದ್ಧತಿಯಲ್ಲಿ ಅದಕ್ಕೆ ದಾರಿಯಿತ್ತು. ಎಳ್ಳಮಾವಾಸ್ಯೆಯ ಒಳಗೆ ಐವರ ಎದುರು ತಿರುಗಿ ಕೊಟ್ಟರೆ ವೀಳ್ಯ ಬಿಡುಗಡೆ. ಎಲೆ ಒಣಗುವುದು ಸಹಜ, ಹೊಸ ಎಲೆ, ಹೊಸ ಕಾಯಿ ನಡೆಯುತ್ತದೆ. ಉಡಿಗೆ ಬಿದ್ದದ್ದು ಮಾತ್ರ ಅದೇ ಇರಬೇಕು. ವೀಳ್ಯದ ಬೆನ್ನಿಗೆ ಬಂದದ್ದನ್ನೆಲ್ಲ ಬಿಡಬೇಕು, ಅಂದರೆ ಮನೆಯನ್ನೂ.

ಆ ರಾತ್ರಿಯ ಊಟಕ್ಕೆ ಮಕ್ಕಳಿಬ್ಬರನ್ನೂ ಒಟ್ಟಿಗೆ ಕೂರಿಸಿ ಅವಳು ಇದನ್ನು ಹೇಳಿದಳು. ಉಡಚಪ್ಪ ತಲೆ ತಗ್ಗಿಸಿ, ತನ್ನ ಸಲುವಾಗಿ ಮನೆ ಬಿಡುವುದು ಬೇಡ, ಗದಗಿಗೇ ಹೋಗುತ್ತೇನೆ ಎಂದ. ಇಷ್ಟು ವಾರ ಹಟ ಹಿಡಿದವನ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ ಸಿದ್ದಪ್ಪನಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು.

"ಸಣ್ಣ ಮಗನ್ನ ಉಳಸಾಕ ದೊಡ್ಡ ಮಗನ ಮನಿ ಕೆಡವಾಕತ್ತಿ ನೀನು," ಎಂದ ತಾಯಿಗೆ. "ಬೂದಿ ತೋಡಾವ ನಾನು. ಬಾವಿ ನೀರು ಹೊರಾಕಿ ನನ್ನ ಹೇಣ್ತಿ. ಅದನ್ನ ಎಣಿಸೇನು?"

"ಎಣಿಸೇನಿ ಸಿದ್ದಪ್ಪ. ನೀ ಹೇಳೂದ್ರಾಗ ಸುಳ್ಳಿಲ್ಲ," ಎಂದಳು ದಾನವ್ವ. "ಆದ್ರ ವೀಳ್ಯಾ ಹಿಡದ ಕೈ ನಂದು. ಅಂವನ್ನ ಕೇಳದ ಹಿಡದೇನಿ. ಅವರೂ ಅಂವನ್ನ ಕೇಳದ ದಾಟಿಸ್ಯಾರ. ಮೊದಲ ತಪ್ಪು ನನ್ನದ ಐತಿ, ಅದನ್ನ ನಾನ ತಿದ್ದಬೇಕು."

ಸಿದ್ದಪ್ಪ ತಾನು ಗಾದಿಗೆ ಬರುವುದಿಲ್ಲವೆಂದು ಹೇಳಿ ಹೊರಗೆ ಹೋದ.

ಇನ್ನು ಉಳಿದವಳು ಬಾಳವ್ವ. ಉಡಿಯ ಖಣ ಅವಳದು. ಅವಳು ಕೊಡದಿದ್ದರೆ ವೀಳ್ಯ ಹಿಂದಿರುಗುವಂತಿರಲಿಲ್ಲ. ದಾನವ್ವ ಮೂರು ದಿನ ಸೊಸೆಯನ್ನು ಏನೂ ಕೇಳಲಿಲ್ಲ. ನಾಲ್ಕನೆಯ ದಿನ ನಳದ ಹತ್ತಿರ ಕೊಡ ತುಂಬುವಾಗ ಬಾಳವ್ವನೇ ಮಾತು ತೆಗೆದಳು.

"ಖಣಾ ಹೊಲಿಸಿಬಿಟ್ಟೇನಲ್ರಿ ಅತ್ತಿ. ಹೊಲದದ್ದು ನಡೀತೈತೇನ್ರಿ?"

"ನಡೀತೈತೋ ಇಲ್ಲೋ, ನನಗೂ ಗೊತ್ತಿಲ್ಲವ್ವ. ಖರೇ ಹೇಳತೇನಿ, ಈ ನಳಾ ಬಿಟ್ಟ ಮ್ಯಾಲ ನಿನಗ ಭಾಳ ತ್ರಾಸ ಆಗತೈತಿ."

ಬಾಳವ್ವ ಕೊಡವನ್ನು ಸೊಂಟಕ್ಕೇರಿಸಿಕೊಂಡಳು. "ರೆಹಮತ್‌ಬಿಗೂ ಇದ ನಳಾ ಇತ್ತಲ್ರಿ," ಎಂದಳು.

ಆ ಮಧ್ಯಾಹ್ನ ಅವಳು ಬಾಗಿಲ ಬೆಳಕಿಗೆ ಕುಳಿತು, ಸೂಜಿಯ ತುದಿಯಿಂದ ಕುಪ್ಪಸದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ದರ್ಜಿ ಕತ್ತರಿಸಿದ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಚಾಪೆಯ ಮೇಲೆ ಹಾಸಿ ನೋಡಿದಳು. ಕಂಕುಳಿನ ಕೆಳಗಿನ ಎರಡು ಬೆರಳಗಲದ ಚೂರು ಸಿಗಲಿಲ್ಲ. ಬೆಂಗೇರಿಯವರೆಗೆ ನಡೆದುಹೋಗಿ ದರ್ಜಿಯ ಚಿಂದಿಯ ಚೀಲ ತಡಕಾಡಿ ಅದನ್ನೂ ತಂದಳು.

ಎಳ್ಳಮಾವಾಸ್ಯೆಯ ಹಿಂದಿನ ದಿನ ಅತ್ತೆ ಸೊಸೆ ಗಾದಿಗೆ ಹೋದರು. ಉಡಚಪ್ಪ ಹಿಂದೆ ಬಂದು ಬಾಗಿಲಲ್ಲಿ ನಿಂತ. ಅಲ್ಲಿ ಏಕನಾಥರಾಯರು, ತೂಕದವನು, ಇಬ್ಬರು ದಲಾಲರು, ಭಿಕ್ಷೆಗೆ ಬಂದ ಮಹಾಂತಯ್ಯ ಎಂಬ ಜಂಗಮರು ಇದ್ದರು. ಐವರಾದರು. ದಾನವ್ವ ಎಲೆ, ಅಡಿಕೆ, ಕಾಯಿಯನ್ನು ಗಾದಿಯ ಅಂಚಿಗಿಟ್ಟು, ವೀಳ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿಕೊಂಡಳು.

ಸಾವಕಾರರು ನಕ್ಕರು. "ಅದು ಹೊಲದಾಗಿನ ಪದ್ಧತಿ ದಾನವ್ವ. ಆಟದಾಗ ಹಂಗ ನಡಿಯೂದಿಲ್ಲ."

"ವೀಳ್ಯಾ ಕೊಡೂದೂ ಹೊಲದಾಗಿನ ಪದ್ಧತಿನ ಅಲ್ಲೇನ್ರಿ? ಅರ್ಧಾ ತಂದು ಅರ್ಧಾ ಹೊಲದಾಗ ಬಿಟ್ಟು ಬಂದ್ರ ಹ್ಯಾಂಗ್ರಿ?"

ದಲಾಲರು ಒಬ್ಬರ ಮುಖವನ್ನೊಬ್ಬರು ನೋಡಿದರು. ಸಾವಕಾರರು ಎಲೆಗಳನ್ನು ಮುಟ್ಟಲಿಲ್ಲ. ಉಡಿಯ ಖಣವೆಲ್ಲಿ ಎಂದು ಕೇಳಿದರು. ಬಾಳವ್ವ ಅದನ್ನು ಹೊಲಿಸಿ ತೊಟ್ಟದ್ದನ್ನು ತಮ್ಮ ಮನೆಯವರು ಗುಡಿಯಲ್ಲಿ ನೋಡಿದ್ದಾರೆ, ಕುಪ್ಪಸವಾದದ್ದು ಖಣವಲ್ಲ ಎಂದರು. ಆಗ ಬಾಳವ್ವ ತಲೆಯ ಸೆರಗನ್ನು ಮುಂದಕ್ಕೆಳೆದುಕೊಂಡು, ಗಂಟು ಬಿಚ್ಚಿ, ಹಸಿರು ತುಂಡುಗಳನ್ನು ಒಂದೊಂದಾಗಿ ಅವರೆದುರು ಕೂಡಿಸಿಟ್ಟಳು. ಕಡೆಯದಾಗಿ ಆ ಎರಡು ಬೆರಳಗಲದ ಚೂರನ್ನು ಅದರ ಜಾಗದಲ್ಲಿಟ್ಟಳು.

"ಬಿಚ್ಚಿ ತಂದೇನ್ರಿ," ಎಂದಳು. "ಒಂದು ಎಳಿನೂ ನಮ್ಮ ಮನ್ಯಾಗ ಉಳದಿಲ್ಲ."

ಮಹಾಂತಯ್ಯನವರು ಜೋಳಿಗೆಯನ್ನು ಹೆಗಲಿಗೇರಿಸುತ್ತ, "ಕೊಟ್ಟದ್ದು ಪೂರಾ ತಿರಿಗಿ ಬಂದ ಮ್ಯಾಲ ಇಟಗೊಳ್ಳೂದ ಧರ್ಮರಿ ಸಾವಕಾರ್ರ," ಎಂದರು. ದೇವರ ಮುಂದೆ ಕೊಟ್ಟ ಎಲೆ ಎಂದು ಐದು ವರ್ಷ ಹೇಳಿಕೊಂಡು ಬಂದವರು ಅಯ್ಯನವರ ಎದುರು ಬೇರೆ ಮಾತು ಆಡುವಂತಿರಲಿಲ್ಲ. ಸಾವಕಾರರು ವೀಳ್ಯ ತೆಗೆದುಕೊಂಡರು. ಬಿಡುಗಡೆಯ ಚೀಟಿ ಬರೆದುಕೊಡಲು ಏಕನಾಥರಾಯರಿಗೆ ಹೇಳಿದರು. ಸಂಕ್ರಮಣದ ಒಳಗೆ ಮನೆ ಬಿಡಬೇಕೆಂದರು. ಬಾಗಿಲಲ್ಲಿದ್ದ ಉಡಚಪ್ಪನನ್ನು ಅಂದು ಮೊದಲ ಸಲ ನೇರವಾಗಿ ನೋಡಿ ಇನ್ನೊಂದು ಮಾತು ಹೇಳಿದರು: ತಂಡಗಳ ಯಜಮಾನರೆಲ್ಲ ತಮ್ಮತಮ್ಮಲ್ಲಿ ಒಪ್ಪಿಕೊಂಡ ನಿಯಮವೊಂದಿದೆ, ವೀಳ್ಯ ಮುರಿದವನನ್ನು ಎರಡು ವರ್ಷ ಯಾವ ತಂಡದವರೂ ಮೈದಾನಕ್ಕಿಳಿಸುವುದಿಲ್ಲ.

"ಗೊತ್ತೈತ್ರಿ," ಎಂದ ಉಡಚಪ್ಪ. ಚೀಟಿ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

ಮನೆ ಬಿಟ್ಟ ದಿನ ಸಿದ್ದಪ್ಪ ಬರುವನೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಅವನು ಬಂದ, ಯಾರ ಮುಖವನ್ನೂ ನೋಡದೆ ಬೀಸುವ ಕಲ್ಲಿನ ಕೆಳಭಾಗವನ್ನು ಒಬ್ಬನೇ ಎತ್ತಿ ಚಕ್ಕಡಿಗೆ ಹಾಕಿದ. ಬೆಂಗೇರಿಯಲ್ಲಿ ಸಿಕ್ಕದ್ದು ಒಂದೇ ಕೋಣೆಯ ಬಾಡಿಗೆ ಮನೆ. ಬಾವಿ ಎರಡು ಓಣಿ ದಾಟಿ. ಸಿದ್ದಪ್ಪ ಜಿನ್ನಿನ ಬೂದಿಯ ಕೆಲಸಕ್ಕೆ ಇಲ್ಲಿಂದಲೇ ನಡೆದುಹೋಗುತ್ತಾನೆ. ಬಾಳವ್ವನ ಕುತ್ತಿಗೆ ಮುರಿಯಲಿಲ್ಲ, ಆದರೆ ಸಂಜೆಯಾದರೆ ನೋಯುತ್ತದೆ. ಉಡಚಪ್ಪ ವರ್ಕಶಾಪಿನ ಸಿಳ್ಳಿಗಿಂತ ಮೊದಲೇ ಎದ್ದು ನಾಲ್ಕು ಕೊಡ ತಂದಿಟ್ಟು ಹೋಗುತ್ತಾನೆ. ಗಂಡಸು ನೀರು ಹೊರುವುದನ್ನು ನೋಡಿ ಓಣಿಯವರು ನಗುತ್ತಾರೆ. ರವಿವಾರ ಪಂದ್ಯವಿದ್ದರೆ ಅವನು ಮೈದಾನದ ಹಗ್ಗದ ಹೊರಗೆ ನಿಂತು ನೋಡಿ, ಮುಗಿಯುವ ಮೊದಲೇ ಮರಳುತ್ತಾನೆ. ಅಮೀನಸಾಬ ಮತ್ತು ರೆಹಮತ್‌ಬಿ ಅವಳ ತಾಯಿ ಮಾಶಾಬಿಯ ಮನೆ ಸೇರಿದರು. ಅವನ ಕಾಲು ಕೂಡಿತು, ನೆಟ್ಟಗಾಗಲಿಲ್ಲ. ಅವನಿಗಾಗಿ ಏನೂ ಮಾಡಲಾಗಲಿಲ್ಲವೆಂದು ದಾನವ್ವ ಈಗಲೂ ಹೇಳುತ್ತಾಳೆ.

ಫಾಲ್ಗುಣದಲ್ಲಿ ಒಂದು ದಿನ ಅಪರಿಚಿತಳಾದ ವಯಸ್ಸಾದ ಹೆಂಗಸೊಬ್ಬಳು ಬೆಂಗೇರಿಯ ಓಣಿಯಲ್ಲಿ, ವೀಳ್ಯ ತಿರುಗಿ ಕೊಟ್ಟವಳ ಮನೆ ಯಾವುದೆಂದು ಕೇಳುತ್ತ ಬಂದಳು. ಹೆಸರು ಕಾಳವ್ವ, ಊರು ಗದಗು. ಉಡಚಪ್ಪನ ಬದಲಿಗೆ ಹುಬ್ಬಳ್ಳಿಗೆ ಬರಬೇಕಾಗಿದ್ದ ಇಬ್ಬರಲ್ಲಿ ಒಬ್ಬ ಅವಳ ಮಗ. ಆ ಅದಲಾಬದಲಿ ಮುರಿದ ಮೇಲೆ ಅವನನ್ನು ಬೇರೆ ಊರಿಗೆ ದಾಟಿಸಿದ್ದರು. ಅವನನ್ನೂ ಯಾರೂ ಕೇಳಿರಲಿಲ್ಲ. ದಾನವ್ವ ಅವಳಿಗೆ ರೊಟ್ಟಿ, ಎಣಗಾಯಿ, ಮಜ್ಜಿಗೆ ಬಡಿಸಿ, ಎಲ್ಲವನ್ನೂ ಹೇಳಿದಳು. ಆದರೆ ಎಳ್ಳಮಾವಾಸ್ಯೆ ದಾಟಿಹೋಗಿತ್ತು.

"ಹಂಗಾದ್ರ ಮುಂದಿನ ಪಾಡ್ಯಾಕ್ಕ ಅವರು ವೀಳ್ಯಾ ಹಿಡದು ನಿಂತಾಗ ನಾ ಏನನ್ಲಿ ಯವ್ವಾ?" ಎಂದು ಕೇಳಿದಳು ಕಾಳವ್ವ.

"ನೀ ಏನೂ ಅನಬ್ಯಾಡ. ಮಗನ್ನ ಕರಕೊಂಡು ಹೋಗಿ ಮುಂದ ನಿಂದರಸು. ಕೇಳೂದನ್ನ ಅಂವನ್ನ ಕೇಳಲಿ."

ಕಾಳವ್ವ ಒಬ್ಬಳೇ ಮಗನನ್ನು ಮುಂದೆ ನಿಲ್ಲಿಸಿದರೆ ಅವಳ ಮನೆಯೂ ಹೋಗುತ್ತದೆ, ಅವಳ ಮಗನೂ ಹಗ್ಗದ ಹೊರಗೆ ನಿಲ್ಲುತ್ತಾನೆ. ಯಜಮಾನರ ಒಪ್ಪಂದ ಬಲವಾಗಿರುವುದು ಅವರ ಬಲದಿಂದಲ್ಲ, ಮೈದಾನದ ಸುತ್ತ ನೋಡುವವರು ತುಂಬಿರುವುದರಿಂದ. ಆದ್ದರಿಂದ ಓದುಗರಲ್ಲಿ ಪ್ರಾರ್ಥನೆ ಇಷ್ಟೇ. ನಿಮ್ಮ ಊರಿನ ಪಂದ್ಯದ ಖರ್ಚಿಗೆ ವರ್ಗಣಿ ಬೇಡಲು ಯಾರಾದರೂ ಬಂದರೆ ಎರಡು ಮಾತು ಕೇಳಿರಿ: ಆಟಗಾರನನ್ನು ದಾಟಿಸುವ ಮೊದಲು ಅವನ ಒಪ್ಪಿಗೆಯನ್ನು ಅವನ ಬಾಯಿಂದಲೇ ಪಡೆಯುತ್ತೀರೋ? ಅವನ ಕಾಲು ಮುರಿದ ದಿನ ಅವನ ಮೈಮೇಲೆ ಯಾರ ಅಂಗಿ ಇತ್ತೋ ಅವರೇ ಅವನ ಅನ್ನ ಔಷಧಗಳನ್ನು ನೋಡಿಕೊಳ್ಳುತ್ತಾರೋ? ಬಾಯಿಮಾತಿಗೆ ಒಪ್ಪಬೇಡಿರಿ. ಪಂದ್ಯ ನಡೆಸುವ ಸಮಿತಿಯ ಹೆಸರಿಗೆ ಒಂದು ಕಾರ್ಡು ಬರೆದು ಉತ್ತರ ತರಿಸಿಕೊಳ್ಳಿರಿ, ಆ ಉತ್ತರವನ್ನು ನೆರೆಯವರಿಗೂ ಓದಿ ಹೇಳಿರಿ. ಅದು ಬರುವವರೆಗೆ ವರ್ಗಣಿ ಕೊಡಬೇಡಿರಿ, ಮೈದಾನದ ಕಡೆ ಹೆಜ್ಜೆ ಇಡಬೇಡಿರಿ. ಪಾಡ್ಯಕ್ಕೆ ಇನ್ನೂ ದಿನಗಳಿವೆ. ಕಾರ್ಡನ್ನು ಈ ವಾರವೇ ಬರೆಯಿರಿ.